ಅಜ್ಜ ಎದ್ದು ನಿಂತ ಭಾನುವಾರ

ನನ್ನ ಮಾವನವರು ಸ್ಯಾನ್ ಡಿಯಾಗೋದಲ್ಲಿ ವಿಮಾನ ಇಳಿದು, ಐದು ವರ್ಷದಿಂದ ನೋಡದಿದ್ದ ಮೊಮ್ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡತೊಡಗಿ ಮುಡಿಯಲ್ಲೇ ನಿಂತುಬಿಟ್ಟರು. ಹುಡುಗನ ಕೂದಲು ಹೆಗಲಿಗೆ ಬಂದಿತ್ತು.

“ಯವ್ವಾ, ಈ ದೇಶದಾಗ ಕಟಿಂಗ್ ಅಂಗಡಿ ಇಲ್ಲೇನು?” ಎಂದು ನನ್ನನ್ನು ಕೇಳಿದರು.

“ಅಂಗಡಿ ಇವೆ ಮಾವ, ಹೋಗೋರು ಇಲ್ಲ,” ಎಂದೆ.

ಅದು ಎಪ್ಪತ್ತೊಂದರ ಬೇಸಿಗೆ. ಮಾವನವರು ಧಾರವಾಡದವರು. ಎರಡನೆಯ ಮಹಾಯುದ್ಧಕ್ಕೂ ಮುಂಚೆಯೇ ಬ್ರಿಟಿಷರ ಸೈನ್ಯ ಸೇರಿ, ಆ ಯುದ್ಧದಲ್ಲಿ ಕಾದಾಡಿ, ಹವಾಲ್ದಾರರಾಗಿ ನಿವೃತ್ತರಾದವರು. ಅತ್ತೆ ತೀರಿಕೊಂಡ ಮೇಲೆ ಆರು ತಿಂಗಳು ನಮ್ಮ ಜೊತೆ ಇರಲೆಂದು ಬಂದಿದ್ದರು. ನಾನು ಮೈಸೂರಿನ ಕ್ರೈಸ್ತ ಮನೆತನದವಳು, ಮೇಷ್ಟರ ಮಗಳು. ನಮ್ಮ ಮನೆಯಲ್ಲಿ ಯಾರಾದರೂ ದನಿ ಎತ್ತಿ ಮಾತಾಡಿದರೆ ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡುತ್ತಿದ್ದರು. ಮದುವೆಯಾಗಿ ಧಾರವಾಡಕ್ಕೆ ಹೋದ ಹೊಸತರಲ್ಲಿ ಮಾವನವರು “ಚಾ ತಾರವಾ” ಎಂದದ್ದಕ್ಕೇ ನಾನು ಅಡುಗೆಮನೆಯಲ್ಲಿ ನಿಂತು ಅತ್ತಿದ್ದೆ. ಅದು ಅವರ ಪ್ರೀತಿಯ ದನಿ ಎಂದು ತಿಳಿಯಲು ವರ್ಷ ಹಿಡಿಯಿತು. ಅವರ ಕೋಪದ ದನಿ ಬೇರೆಯೇ ಇತ್ತು, ಅದು ಬಹಳ ಮೆತ್ತಗಿರುತ್ತಿತ್ತು.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಹಿರಿಯರು ಎದ್ದು ನಿಂತರೆ ಕಿರಿಯರು ಕೂತಿರಬಾರದು. ಮಾವನವರು ಪೇಪರ್ ತರಲು ಎದ್ದರೂ ಮನೆಯೆಲ್ಲ ಏಳಬೇಕು, ಅವರು ಕೂತ ಮೇಲೆ ಕೂರಬೇಕು. ಬಸುರಿಯಾಗಿದ್ದಾಗ ನಾನು ಇದಕ್ಕೆ ಎಷ್ಟು ಗೊಣಗಿದ್ದೆನೋ! ಆಮೇಲೆ ಮಗನಿಗೂ ಅದನ್ನೇ ಕಲಿಸಿದೆ. ಸೊಸೆಯರ ಹಣೆಬರಹವೇ ಅಷ್ಟು, ತಾವು ಗೊಣಗಿದ್ದನ್ನೇ ಮಕ್ಕಳಿಗೆ ಕಲಿಸುವುದು. ಹದಿನಾಲ್ಕು ತುಂಬುವವರೆಗೆ ಆ ಮನೆಯಲ್ಲಿ ಬೆಳೆದ ಹುಡುಗನಿಗೆ ಅದು ತಲೆಯಿಂದ ಇಳಿದು ಕಾಲಿಗೇ ಅಭ್ಯಾಸವಾಗಿತ್ತು.

ನಾವು ಅಮೆರಿಕಕ್ಕೆ ಬಂದದ್ದು ಅರವತ್ತಾರರಲ್ಲಿ. ಮೊದಲು ಲಾಸ್ ಏಂಜಲೀಸ್. ನನ್ನ ಯಜಮಾನರಿಗೆ ಸ್ಯಾನ್ ಪೀಡ್ರೊ ಬಂದರಿನಲ್ಲಿ ಹಡಗು ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರ್ ಕೆಲಸ. ಆಮೇಲೆ ಅವರನ್ನು ಸ್ಯಾನ್ ಡಿಯಾಗೋಗೆ ವರ್ಗ ಮಾಡಿದರು, ನಾನು ಅಲ್ಲಿನ ಆಸ್ಪತ್ರೆಯೊಂದರಲ್ಲಿ ಹೆರಿಗೆ ವಾರ್ಡಿನ ನರ್ಸ್ ಆದೆ. ಊರಿನಲ್ಲಿ ಬೆರಳೆಣಿಕೆಯ ಕನ್ನಡ ಮನೆಗಳಿದ್ದವು, ಎಲ್ಲ ಹಿಂದೂ ಡಾಕ್ಟರು ಎಂಜಿನಿಯರುಗಳದು. ಯುಗಾದಿಗೆ ಅವರಲ್ಲಿಗೆ ಹೋಗಿ ಹೋಳಿಗೆ ತಿನ್ನುತ್ತಿದ್ದೆವು, ಕ್ರಿಸ್‌ಮಸ್ಸಿಗೆ ಅವರು ನಮ್ಮಲ್ಲಿಗೆ ಬಂದು ಕೇಕ್ ತಿನ್ನುತ್ತಿದ್ದರು. ಚರ್ಚಿಗೆ ಮಾತ್ರ ನಾವು ಮೂವರೇ, ಬಿಳಿಯರ ನಡುವೆ.

ಸ್ಯಾನ್ ಡಿಯಾಗೋ ಎಂದರೆ ನೌಕಾಪಡೆಯ ಊರು. ನಮ್ಮ ಚರ್ಚಿನ ಗಂಡಸರಲ್ಲಿ ಅರ್ಧದಷ್ಟು ಜನ ಒಂದಲ್ಲ ಒಂದು ಯುದ್ಧ ನೋಡಿದವರು. ಪಾಸ್ಟರ್ ಕೂಡ ಕೊರಿಯಾ ಯುದ್ಧದಲ್ಲಿ ಸೈನಿಕರ ಜೊತೆ ಇದ್ದು ಪ್ರಾರ್ಥನೆ ನಡೆಸಿದವರೇ. ಬಾಗಿಲಿನಷ್ಟು ಅಗಲದ ಮನುಷ್ಯ. ನನಗೆ ಡ್ರೈವಿಂಗ್ ಕಲಿಸಿದವರು ಅವರು. ಯಜಮಾನರು ಕಲಿಸಲು ಹೋಗಿ ಎರಡನೆಯ ದಿನಕ್ಕೇ ಕಾರಿನಿಂದಿಳಿದು ಮನೆಗೆ ನಡೆದುಬಿಟ್ಟಿದ್ದರು, ಪಾಸ್ಟರ್ ಪಕ್ಕದ ಸೀಟಿನಲ್ಲಿ ಕೂತು ಕಣ್ಣು ಮುಚ್ಚದೆ ಪ್ರಾರ್ಥನೆ ಮಾಡುತ್ತಾ ತಿಂಗಳುಗಟ್ಟಲೆ ನನ್ನನ್ನು ಸಹಿಸಿಕೊಂಡರು.

ಜುಲೈ ಬಂತೆಂದರೆ ಭಾನುವಾರದ ಅವರ ಪ್ರಸಂಗವೆಲ್ಲ, ಉಪದೇಶವೆಲ್ಲ ಈ ದೇಶ ಕಟ್ಟಿದವರ ಮೇಲೆ. ಒಂದು ಕೈಯಲ್ಲಿ ಬಂದೂಕು, ಇನ್ನೊಂದು ಕೈಯಲ್ಲಿ ಸತ್ಯವೇದ ಹಿಡಿದು ದೇವರಿಗಾಗಿ ದೇಶ ಕಟ್ಟಿದ ಗಂಡಸರು, ದೇವರ ಮುಂದೆ ಬಿಟ್ಟು ಬೇರೆ ಯಾರ ಮುಂದೆಯೂ ಮಂಡಿಯೂರದ ಗಂಡಸರು. ‘ಅಷ್ಟು ಹೊತ್ತು ಅವರ ಮನೆಯಲ್ಲಿ ಒಲೆ ಹಚ್ಚಿದವರು ಯಾರು ಸ್ವಾಮಿ?’ ಎಂದು ನಾನು ಮನಸ್ಸಿನಲ್ಲೇ ಕೇಳುತ್ತಿದ್ದೆ. ಆದರೂ ಆ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ.

ಆಗ ವಿಯೆಟ್ನಾಂ ಯುದ್ಧ ನಡೆಯುತ್ತಿತ್ತು. ಇಪ್ಪತ್ತರ ಆಸುಪಾಸಿನ ಹುಡುಗರನ್ನು ಸರಕಾರ ಕಡ್ಡಾಯವಾಗಿ ಸೈನ್ಯಕ್ಕೆ ಕರೆಯುತ್ತಿತ್ತು. ಅದಕ್ಕೆ ಡ್ರಾಫ್ಟ್ ಎಂದು ಹೆಸರು. ಗ್ರೀನ್ ಕಾರ್ಡಿನವರ ಮಕ್ಕಳಿಗೂ ಅದು ತಪ್ಪಿದ್ದಲ್ಲ. ವರ್ಷದ ದಿನಗಳನ್ನೆಲ್ಲ ಚೀಟಿ ಮಾಡಿ ಎತ್ತುತ್ತಿದ್ದರು, ಯಾರ ಹುಟ್ಟಿದ ದಿನ ಮೊದಲು ಬಂತೋ ಅವರಿಗೆ ಮೊದಲು ಕರೆ. ನನ್ನ ಮಗನ ದಿನ ಮುಂಚೆಯೇ ಬಂದುಬಿಟ್ಟಿತ್ತು. ಕಾಲೇಜಿನಲ್ಲಿ ಓದುತ್ತಿದ್ದನೆಂದು ಸದ್ಯಕ್ಕೆ ಬಿಟ್ಟಿದ್ದರು, ನಾನು ದೇವರಿಗೆ ಸ್ತೋತ್ರ ಹೇಳಿ ನಿದ್ದೆ ಮಾಡುತ್ತಿದ್ದೆ. ಒಂದು ದಿನ ಈ ಮಹಾನುಭಾವ ಬಂದು, ಕಾಲೇಜಿನ ನೆಪ ತನಗೆ ಬೇಡ ಎಂದ. ಓದಲು ಗತಿಯಿಲ್ಲದವರ ಮಕ್ಕಳು ಹೋಗುತ್ತಿರುವಾಗ ಅದರ ಹಿಂದೆ ಅಡಗುವುದು ನಾಚಿಕೆಯಂತೆ. ಯೇಸುಸ್ವಾಮಿ ತನ್ನನ್ನು ಹಿಡಿಯಲು ಜನ ಬಂದಾಗಲೂ ಶಿಷ್ಯನಿಗೆ ಕತ್ತಿ ಒಳಗಿಡು ಎಂದನಲ್ಲ, ಹಾಗಿರುವಾಗ ತಾನು ಯಾವ ಯುದ್ಧಕ್ಕೂ ಹೋಗಲಾರೆ ಎಂದು ಡ್ರಾಫ್ಟ್ ಮಂಡಳಿಗೆ ಹೇಳಿಯೂ ಬಂದಿದ್ದ.

ಧರ್ಮದ ಕಾರಣಕ್ಕೆ ಯುದ್ಧ ಒಪ್ಪದವರಿಗೆ ಕಾನೂನಿನಲ್ಲಿ ಒಂದು ದಾರಿ ಇತ್ತು. ಸೈನ್ಯದ ಬದಲು ಎರಡು ವರ್ಷ ಆಸ್ಪತ್ರೆಯಂಥ ಕಡೆ ಕೆಲಸ ಮಾಡಬಹುದು. ಆದರೆ ಅದು ನಿಜವಾದ ನಂಬಿಕೆಯೇ, ಪ್ರಾಣಭಯದ ನೆಪವಲ್ಲವೇ ಎಂದು ಊರಿನ ಮಂಡಳಿ ಎದುರು ಕೂರಿಸಿಕೊಂಡು ವಿಚಾರಿಸುತ್ತದೆ. ಅವರು ನಂಬದಿದ್ದರೆ ಯುದ್ಧ, ಯುದ್ಧಕ್ಕೆ ಒಲ್ಲೆ ಎಂದರೆ ಜೈಲು. ಅತ್ತ ದರಿ ಇತ್ತ ಪುಲಿ ಎಂದು ಚಿಕ್ಕಂದಿನಲ್ಲಿ ಓದಿದ್ದೆ, ಅರ್ಥವಾದದ್ದು ಆಗ.

“ನಿನ್ನದು ಚಪ್ಪಟೆ ಪಾದ ಅಂತ ಹೇಳೋ. ಅಂಥೋರ್ನ ತಗೊಳ್ಳಲ್ವಂತೆ,” ಎಂದೆ.

“ನನ್ನ ಪಾದ ಸರಿಯಾಗಿದೆ ಅಮ್ಮ.”

“ಹೆತ್ತೋಳು ನಾನು. ನನಗಿಂತ ನಿನಗೆ ಜಾಸ್ತಿ ಗೊತ್ತಾ?”

ಅವನು ನಕ್ಕ. ನನಗೆ ನಗು ಬರಲಿಲ್ಲ. ಮಾವನವರು ವಾಪಸ್ ಹೋಗುವಾಗ ಇವನನ್ನೂ ಧಾರವಾಡಕ್ಕೆ ದಾಟಿಸಿಬಿಡುವುದು ನನ್ನ ಎರಡನೆಯ ಉಪಾಯ. ಅದಕ್ಕೂ ಅವನು, “ಓಡಿ ಹೋಗಲ್ಲ ಅಮ್ಮ. ಐ ವಿಲ್ ಸ್ಟೇ ಆಂಡ್ ಸೇ ಇಟ್,” ಎಂದು ಮಾತು ಮುಗಿಸಿದ.

ಮಾವನವರಿಗೆ ಈ ಸಂಗತಿ ಹೇಳುವ ಧೈರ್ಯ ಯಾರಿಗಿತ್ತು? ಯಜಮಾನರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಕೊನೆಗೆ, ಅವರು ಬಂದ ವಾರದಲ್ಲೇ, ಊಟದ ಮೇಜಿನಲ್ಲಿ ಮಗನೇ ಹೇಳಿದ. ಮಾವನವರು ರೊಟ್ಟಿ ಮುರಿಯುತ್ತಿದ್ದವರು ಕೈ ನಿಲ್ಲಿಸಿದರು.

“ಈ ದೇಶದ ಉಪ್ಪು ತಿಂತಿಯೋ ಇಲ್ಲೋ?”

“ತಿಂತೀನಿ ಅಜ್ಜಾ.”

“ಉಂಡ ಮನಿಗೆ ಎರಡು ಬಗೀತಾರೇನು? ಅವರು ಕರದರ ಹೋಗಬೇಕು.”

ಮಗ ಕುರ್ಚಿ ಹಿಂದೆ ಸರಿಸಿ ಎದ್ದು ನಿಂತ. ಕೈ ನಡುಗುತ್ತಿತ್ತು. “ಅಜ್ಜಾ, ಆಗಂಗಿಲ್ಲ,” ಎಂದ. ಅವನು ಅಜ್ಜನ ಜೊತೆ ಮಾತ್ರ ಧಾರವಾಡದ ಮಾತಾಡುತ್ತಿದ್ದ.

ಮಾವನವರು ಬಹಳ ಮೆತ್ತಗೆ, “ಹೇಡಿ,” ಎಂದರು. ಆಮೇಲೆ ರೊಟ್ಟಿ ತಿಂದು ಮುಗಿಸಿದರು. ಅನ್ನಕ್ಕೆ ಅವಮಾನ ಮಾಡುವವರಲ್ಲ ಅವರು.

ಆ ದಿನದಿಂದ ಅಜ್ಜ ಮೊಮ್ಮಗನ ನಡುವೆ ಮಾತು ನಿಂತಿತು. ಉಳಿದದ್ದೆಲ್ಲ ಯಥಾಪ್ರಕಾರ. ಅವನು ಬೆಳಿಗ್ಗೆ ಅವರ ಬೂಟು ಒರೆಸಿಡುತ್ತಿದ್ದ, ಅವರು ಎದ್ದರೆ ಏಳುತ್ತಿದ್ದ. ಅವರು ಅವನ ತಟ್ಟೆಗೆ ನನ್ನ ಕೈಯಿಂದ ಇನ್ನೊಂದು ರೊಟ್ಟಿ ಹಾಕಿಸುತ್ತಿದ್ದರು. ಮಾತು ಮಾತ್ರ ಇಲ್ಲ. ಇಬ್ಬರ ನಡುವೆ ನಾನು ಅಂಚೆಯವಳಾದೆ. “ಅಜ್ಜನಿಗೆ ಹೇಳು,” “ಅವಂಗ ಹೇಳವಾ,” ಎರಡೂ ಒಂದೇ ಕೋಣೆಯಿಂದ. ಒಂದು ದಿನ ರೇಗಿ, “ನನಗೆ ಸಂಬಳ ಕೊಡಿ ಇಬ್ಬರೂ,” ಎಂದೆ.

ಮಾವನವರ ಕಟುತನಕ್ಕೆ ಕಾರಣ ಇತ್ತು, ಅದನ್ನು ಒಂದು ಮಧ್ಯಾಹ್ನ ಅವರೇ ನನಗೆ ಹೇಳಿದರು. ನಾನು ಬಟ್ಟೆ ಮಡಚುತ್ತಿದ್ದೆ, ಅವರು ಕಾಲು ಚಾಚಿ ಕೂತು ಪಾಸ್ಟರರ ಪ್ರಸಂಗವನ್ನು ಮೆಲುಕು ಹಾಕುತ್ತಿದ್ದರು.

“ನಿಮ್ಮ ಪಾದ್ರಿ ಪುಣ್ಯವಂತ ನೋಡವಾ. ಅವರ ದೇಶ ಹುಟ್ಟಿದಾಗ ಅವರ ಹಿರ್ಯಾರು ಬಂದೂಕ ಹಿಡಿದು ಸರಿಯಾದ ಬಾಜೂಕ ನಿಂತಿದ್ರು. ನಮ್ಮ ದೇಶ ಹುಟ್ಟಿದಾಗ ಬಂದೂಕ ಹಿಡಿದಾವ ನಾನು, ತಪ್ಪು ಬಾಜೂಕ ನಿಂತಿದ್ದೆ. ದೇಶ ಕಟ್ಟಿದವರು ಬರೇ ಕೈಲೆ ಜೇಲಿಗೆ ಹೋದ್ರು. ನಾ ಊರಿಗೆ ಬಂದರ ಮಂದಿ, ಬಿಳಿಯರ ಉಪ್ಪು ತಿಂದಾವ, ಮ್ಯಾಲೆ ಕಿರಿಸ್ತಾನ ಬ್ಯಾರೆ, ಅಂತಿದ್ರು. ಉಪ್ಪು ತಿಂದಿದ್ದು ಖರೇ. ತಿಂದ ಮ್ಯಾಲೆ ನೆಟ್ಟಗ ದುಡದೀನಿ. ಅಷ್ಟರ ಮ್ಯಾಲೇ ನಾ ತಲಿ ಎತ್ತಿ ಅಡ್ಡಾಡೇನಿ.”

ಆ ಮಾತನ್ನು ಕೇಳಿ ನನಗೆ ಅವರ ಮೇಲೆ ಎಂದೂ ಬಾರದಷ್ಟು ಅಕ್ಕರೆ ಬಂತು. ಅವರು ತಲೆ ಎತ್ತಿ ನಡೆಯಲು ಇದ್ದದ್ದು ಅದೊಂದೇ ಆಧಾರ, ಅದನ್ನೇ ಮೊಮ್ಮಗ ಬೇಡ ಎನ್ನುತ್ತಿದ್ದ.

ಜುಲೈ ನಾಲ್ಕು, ಅಮೆರಿಕದ ಸ್ವಾತಂತ್ರ್ಯ ದಿನ, ಆ ವರ್ಷ ಭಾನುವಾರವೇ ಬಿತ್ತು. ಚರ್ಚಿನ ತುಂಬ ಬಾವುಟಗಳು. ನಾನು ಎಂದಿನಂತೆ ಸೆರಗು ತಲೆಯ ಮೇಲೆ ಹೊದ್ದು, ಮಾವನವರು ಕೋಟು ಹಾಕಿ, ನಾಲ್ವರೂ ಮುಂದಿನ ಸಾಲಿನಲ್ಲಿ ಕೂತಿದ್ದೆವು. ಪ್ರಸಂಗದ ಕೊನೆಗೆ ಪಾಸ್ಟರ್, ಯುದ್ಧದಲ್ಲಿ ಸೇವೆ ಮಾಡಿದ ಗಂಡಸರೆಲ್ಲ ದಯವಿಟ್ಟು ಎದ್ದು ನಿಲ್ಲಬೇಕು, ಸಭೆ ಅವರನ್ನು ಗೌರವಿಸಲಿ ಎಂದರು. ಮಾವನವರಿಗೆ ಇಂಗ್ಲಿಷ್ ಮಾತಾಡಲು ಕಷ್ಟ, ಆದರೆ ಕೇಳಿದರೆ ತಿಳಿಯುತ್ತಿತ್ತು. ಅವರು ಒಂದು ಕ್ಷಣ ತಡೆದರು. ಯುದ್ಧ ಮಾಡಿದ್ದಕ್ಕಾಗಿ ಯಾರೂ ಅವರನ್ನು ಹೀಗೆ ಗೌರವಕ್ಕೆ ಕರೆದಿರಲಿಲ್ಲ. ಆಮೇಲೆ ಕೋಟಿನ ಗುಂಡಿ ಸರಿಮಾಡಿಕೊಂಡು ಎದ್ದು ನಿಂತರು.

ಅವರು ಎದ್ದದ್ದೇ ತಡ, ನನ್ನ ಮಗ ಎದ್ದ. ಯಜಮಾನರು ಎದ್ದರು. ನಾನೂ ಎದ್ದೆ! ತಲೆಗೆ ತಿಳಿಯುವ ಮೊದಲೇ ಕಾಲುಗಳು ಕೆಲಸ ಮುಗಿಸಿದ್ದವು. ಸುತ್ತ ನೋಡುತ್ತೇನೆ, ನೌಕಾಪಡೆಯ ಮುದುಕರ ನಡುವೆ ಉದ್ದ ಕೂದಲಿನ ನನ್ನ ಮಗ, ಹಸಿರು ರೇಷ್ಮೆ ಸೀರೆಯ ನಾನು. ಕೂತುಬಿಡೋಣವೆಂದರೆ ಮಾವನವರು ನಿಂತೇ ಇದ್ದಾರೆ. ಸಭೆ ಚಪ್ಪಾಳೆ ತಟ್ಟಿತು. ಪಾಸ್ಟರ್ ಇಳಿದು ಬಂದು ಮಾವನವರ ಕೈ ಕುಲುಕಿದರು, ಮುಂದೆ ನನ್ನನ್ನು ಕಂಡು ಕೈ ಚಾಚಬೇಕೋ ಬೇಡವೋ ತಿಳಿಯದೆ ಕೊನೆಗೆ ನನ್ನ ಕೈಯನ್ನೂ ಕುಲುಕಿದರು. ಮನೆಗೆ ಬಂದ ಮೇಲೆ ಯಜಮಾನರು ಸೋಫಾದಲ್ಲಿ ಬಿದ್ದು ಬಿದ್ದು ನಕ್ಕರು. “ನೀ ಯಾವ ಯುದ್ಧಕ್ಕೆ ಹೋಗಿದ್ದಿ?” ಎಂದು ನನ್ನನ್ನು ಕೇಳಿದರು. “ಮದುವೆಯಾದಾಗಿನಿಂದ ಅದೇ ತಾನೇ ಮಾಡ್ತಿರೋದು,” ಎಂದೆ.

ಆದರೆ ಆ ನಗು ಹೆಚ್ಚು ದಿನ ಉಳಿಯಲಿಲ್ಲ. ನಮ್ಮ ಚರ್ಚಿನಲ್ಲಿ ಕಾಣಿಕೆ ತಟ್ಟೆ ಹಿಡಿಯುತ್ತಿದ್ದ, ನೌಕಾಪಡೆಯಿಂದ ನಿವೃತ್ತರಾದ ಹಿರಿಯರೊಬ್ಬರು ಡ್ರಾಫ್ಟ್ ಮಂಡಳಿಯ ಸದಸ್ಯರು. ಅವರು ಹಿಂದಿನ ಸಾಲಿನಲ್ಲೇ ಇದ್ದರು. ಯುದ್ಧ ಬೇಡವೆನ್ನುವ ಹುಡುಗ ಯೋಧರಿಗೆ ಸಲ್ಲುವ ಚಪ್ಪಾಳೆಗೆ ಎದ್ದು ನಿಂತದ್ದನ್ನು ಅವರು ಕಣ್ಣಾರೆ ಕಂಡಿದ್ದರು.

ವಿಚಾರಣೆಯ ದಿನ ಬಂದದ್ದು ಮಳೆಗಾಲವೆಂಬುದೇ ಇಲ್ಲದ ಆ ಊರಿನ ಬಿಸಿಲಿನ ಅಕ್ಟೋಬರಿನಲ್ಲಿ. ಪಾಸ್ಟರ್, ಹುಡುಗ ಸುಳ್ಳು ಹೇಳುವವನಲ್ಲ ಎಂದು ಮಂಡಳಿಗೆ ತಿಳಿಸಿದ್ದರು. “ಅವನು ಹೇಳುವುದು ಸರಿ ಎಂದು ಮಾತ್ರ ನಾನು ಹೇಳಲಾರೆ, ಕ್ಷಮಿಸಿ,” ಎಂದು ನನ್ನ ಮುಂದೆ ಒದ್ದೆ ಕಣ್ಣಿನಲ್ಲಿ ಹೇಳಿದ್ದರು. ಮನೆಯವರ ಕಡೆಯಿಂದ ಸಾಕ್ಷಿ ಹೇಳುವವರು ಬರಬಹುದಿತ್ತು. ನಾನು ಹೋಗುವುದೆಂದು ತೀರ್ಮಾನವಾಗಿತ್ತು. ಆ ಬೆಳಿಗ್ಗೆ ಮಾವನವರು ಕೋಟು ಹಾಕಿಕೊಂಡು ಹೊರಗೆ ಬಂದು, “ನಾನೂ ಬರ್ತೀನಿ,” ಎಂದರು.

ಈ ಮನುಷ್ಯ ಅಲ್ಲಿ ಬಂದು ಇದ್ದದ್ದನ್ನು ಹೇಳಿದರೆ ಮುಗಿಯಿತು ಕಥೆ. “ನಿಮಗೆ ಮಂಡಿ ನೋವು ಮಾವ, ಅಲ್ಲಿ ಬಹಳ ಮೆಟ್ಟಿಲು,” ಎಂದೆ. ಅವರು ಕೇಳಿಸದವರಂತೆ ಕಾರಿನ ಮುಂದಿನ ಸೀಟಿನಲ್ಲಿ ಕೂತರು. ಮಗ, “ಬರಲಿ ಬಿಡಮ್ಮ,” ಎಂದ.

ಯಜಮಾನರು ಒಳಗೆ ಬರಲಿಲ್ಲ. ಅವರ ಕಂಪನಿಗೆ ನೌಕಾಪಡೆಯ ಹಡಗುಗಳದೇ ಕೆಲಸ, ಯುದ್ಧದ ದುಡ್ಡಿನಲ್ಲೇ ಉಣ್ಣುವ ಮನೆಯಲ್ಲವೇ ಎಂದು ಮಂಡಳಿಯವರು ಮಗನನ್ನು ಹಿಡಿದಾರೆಂಬ ಭಯ. ಕಾರಿನ ಸುತ್ತ ಪ್ರದಕ್ಷಿಣೆ ಹಾಕುತ್ತಾ ಉಳಿದರು. ಪಾಪ, ಅಂಥ ಮೃದು ಮನುಷ್ಯ.

ಉದ್ದನೆಯ ಮೇಜಿನ ಹಿಂದೆ ನಾಲ್ವರು ಹಿರಿಯರು. ಮಾವನವರನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಮೊದಲು ನಮ್ಮಿಬ್ಬರನ್ನು ಕರೆದರು. ಒಳ್ಳೆಯ ಮಾತಿನಲ್ಲೇ ಕೇಳಿದರು. ನಿನ್ನ ತಾಯಿಯ ಮೇಲೆ ಯಾರಾದರೂ ಕೈ ಎತ್ತಿದರೆ ಸುಮ್ಮನಿರುತ್ತೀಯಾ? ಅಡ್ಡ ನಿಲ್ಲುತ್ತೇನೆ, ಕೊಲ್ಲುವುದಿಲ್ಲ ಎಂದ ಮಗ. ಈ ದೇಶವನ್ನು ಯುದ್ಧ ಮಾಡಿಯೇ ಕಟ್ಟಿದ್ದಲ್ಲವೇ? ಹೌದು, ಅವರನ್ನು ನಾನು ಹಳಿಯುವುದಿಲ್ಲ, ನನ್ನ ಕೈಯನ್ನು ಮಾತ್ರ ಕೇಳಬೇಡಿ ಎಂದ. ಕೊನೆಗೆ ನಮ್ಮ ಚರ್ಚಿನ ಹಿರಿಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಯೋಧರು ನಿಲ್ಲಲಿ ಎಂದಾಗ ನೀನು ನಿಂತೆ. ಚಪ್ಪಾಳೆ ತೆಗೆದುಕೊಂಡೆ. ಇವತ್ತು ಯುದ್ಧ ಪಾಪ ಎನ್ನುತ್ತೀಯ. ನಾನು ಯಾವುದನ್ನು ನಂಬಲಿ?”

“ಸರ್, ನಮ್ಮಜ್ಜ ನಿಂತರು, ಅದಕ್ಕೆ ನಿಂತೆ. ಅವರು ನಿಂತಿರುವಾಗ ನಾವು ಕೂರುವುದಿಲ್ಲ,” ಎಂದ ಮಗ.

ಆ ಉತ್ತರ ಅವರಿಗೆ ಹಿಡಿಸಲಿಲ್ಲ. ಮುಖ ನೋಡಿದರೆ ತಿಳಿಯುತ್ತಿತ್ತು. ನಾನೂ ಬಾಯಿ ಹಾಕಿ, ನಮ್ಮ ಕಡೆ ಹಾಗೇ, ನಾನು ಕೂಡ ನಿಂತಿದ್ದೆನಲ್ಲ ಸರ್ ಎಂದೆ. ಒಬ್ಬರು ಮುಗುಳ್ನಕ್ಕರು, ನಮ್ಮ ಚರ್ಚಿನ ಹಿರಿಯರು ನಗಲಿಲ್ಲ. ಅಜ್ಜನನ್ನು ಕರೆಯಿರಿ ಎಂದರು.

ಮಾವನವರು ಒಳಗೆ ಬಂದರು, ನಾವಿಬ್ಬರೂ ಎದ್ದೆವು. ಅವರು ಕೂರುವವರೆಗೆ ನಿಂತೇ ಇದ್ದೆವು. ಮೇಜಿನ ಹಿಂದಿನವರು ಒಬ್ಬರನ್ನೊಬ್ಬರು ನೋಡಿಕೊಂಡರು. ಮಾವನವರು ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿನಲ್ಲಿ ಹೇಳುವುದು ಎಂದು ತೀರ್ಮಾನವಾಯಿತು. ಮೊಮ್ಮಗನ ವಿಷಯದಲ್ಲಿ ನಿಮ್ಮ ಅಭಿಪ್ರಾಯವೇನು ಎಂದು ಅಧ್ಯಕ್ಷರು ಕೇಳಿದರು.

“ನಾ ಇವಂಗ ಹೇಡಿ ಅಂದೀನಿ. ಹೇಳವಾ ಅವರಿಗೆ.”

ಆ ಕೋಣೆಯಲ್ಲಿ ಕನ್ನಡ ತಿಳಿದವರು ನಾವು ಮೂವರೇ. ‘ನನ್ನ ಮೊಮ್ಮಗ ದೈವಭಕ್ತ’ ಎಂದು ನಾನು ಹೇಳಿಬಿಟ್ಟಿದ್ದರೆ ಕೇಳುವವರು ಯಾರು? ಹೆತ್ತ ಕರುಳು ಅದನ್ನೇ ಹೇಳು ಎಂದು ಕೂಗುತ್ತಿತ್ತು. ಮಗನ ಕಡೆ ನೋಡಿದೆ, ಅವನು ತಲೆ ತಗ್ಗಿಸಿದ್ದ.

“ಇದ್ದದ್ದು ಇದ್ದಂಗ ಹೇಳು,” ಎಂದರು ಮಾವನವರು. “ನಿನ್ನ ಮಗಾ ಇಲ್ಲೆ ಖರೇ ಹೇಳಾಕ ಬಂದಾನ. ನೀ ಸುಳ್ಳ ಹೇಳಿದರ ಅವಂದೂ ಸುಳ್ಳಾಗ್ತದ.”

ಹೇಳಿದೆ. ನನ್ನ ಮಗನಿಗೆ ಹೇಡಿ ಎಂಬ ಮಾತನ್ನು ನನ್ನ ಬಾಯಿಂದಲೇ, ಇಂಗ್ಲಿಷಿನಲ್ಲಿ. ಇಂದಿಗೂ ಆ ಮಾತಿನ ಕಹಿ ನನ್ನ ನಾಲಿಗೆಯ ಮೇಲಿದೆ.

ಮಾವನವರು ಮುಂದುವರಿಸಿದರು. “ನನ್ನ ಮನಿಯಾಗ ನನಗ ಆಗಂಗಿಲ್ಲ ಅಂತ ಯಾರೂ ಅಂದಿಲ್ಲ. ನನ್ನ ಹೆಂಡತಿ ಅನ್ನಲಿಲ್ಲ. ಇವರಪ್ಪ, ಎಂಜಿನಿಯರ್ ಆದಾವ, ಅವನೂ ಅಂದಿಲ್ಲ. ಇವಾ ಅಂದ. ಕೈ ನಡಗತಿತ್ತು, ಆದರೂ ಅಂದ. ನಾ ನಾಲ್ಕ ತಿಂಗಳ ಮಾತು ಬಿಟ್ಟೆ, ಆದರೂ ನನ್ನ ಬೂಟ ಒರಸೋದು ಬಿಡಲಿಲ್ಲ, ತನ್ನ ಮಾತೂ ಬಿಡಲಿಲ್ಲ. ಹೇಡಿ ಅಂದರ ಯಾರು ಅಂತ ನನಗ ಗೊತ್ತದ. ಇವಾ ಅಲ್ಲ.”

ಅದನ್ನು ಹೇಳುವಾಗ ನನ್ನ ದನಿ ಒಡೆಯಿತು. ಅಧ್ಯಕ್ಷರು ನೀರಿನ ಲೋಟ ನನ್ನ ಕಡೆ ಸರಿಸಿ, “ಹಾಗಾದರೆ ಅವನು ಯುದ್ಧಕ್ಕೆ ಹೋಗಬೇಕೋ ಬೇಡವೋ, ನೀವೇ ಹೇಳಿ. ನೀವೂ ಸೈನಿಕರು,” ಎಂದರು.

ಮಾವನವರು ಆ ಲೋಟದ ಕಡೆ ನೋಡುತ್ತಾ ಹೇಳತೊಡಗಿದರು.

“ಯುದ್ಧದಾಗ, ಅಡವಿ ಬಾಜೂಕ ಒಂದು ಹಳ್ಳಿ ಇತ್ತು. ಹುಕುಂ ಆತು. ಅಲ್ಲೆ ಸಿಪಾಯಿಗಳು ಯಾರೂ ಇದ್ದಿದ್ದಿಲ್ಲ. ನಾವು ಏನ ಮಾಡಿದ್ವಿ ಅಂತ ಕೇಳಬ್ಯಾಡ್ರಿ. ನಾವೆಲ್ಲಾ ಗಂಡಸರೇ, ಎಲ್ಲಾರಿಗೂ ಮೀಸಿ ಇದ್ದುವು. ಒಬ್ಬಾವರೆ ಎದ್ದು ನಿಂತು ಆಗಂಗಿಲ್ಲ ಅಂದಿದ್ದರ ಸಾಕಿತ್ತು. ಯಾರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.” ಅವರು ಮೊಮ್ಮಗನ ಕಡೆ ಕೈ ತೋರಿಸಿದರು. “ಇಂಥಾ ಹುಡುಗ ಒಬ್ಬ ಅವತ್ತು ನನ್ನ ಬಾಜೂಕ ಇದ್ದಿದ್ದರ, ಇವತ್ತಿಗೂ ನಾ ಕರ್ತನ ಮುಂದ ಕಣ್ಣು ಮುಚ್ಚಾಕ ಅಂಜತಿದ್ದಿಲ್ಲ.”

ನಾನು ಅದನ್ನು ಹೇಗೆ ಇಂಗ್ಲಿಷಿಗೆ ತಂದೆನೋ ದೇವರಿಗೇ ಗೊತ್ತು. ಮುಗಿದಾಗ ನಮ್ಮ ಚರ್ಚಿನ ಹಿರಿಯರು ಕನ್ನಡಕ ಹಾಕಿಕೊಳ್ಳದೆ ಮೇಜನ್ನೇ ನೋಡುತ್ತಿದ್ದರು. ಅವರೂ ಯಾವುದೋ ಹಳ್ಳಿಯನ್ನು ನೆನೆಯುತ್ತಿದ್ದರೇ, ನನಗೆ ತಿಳಿಯದು. ಅವರು ಎದ್ದು ಬಂದು ಮಾವನವರ ಕೈ ಹಿಡಿದುಕೊಂಡರು.

ಕೆಲವು ವಾರಗಳಲ್ಲಿ ಒಪ್ಪಿಗೆ ಬಂತು. ಎರಡು ವರ್ಷ ಲಾಸ್ ಏಂಜಲೀಸಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ವಾರ್ಡ್ ಬಾಯ್ ಕೆಲಸ. ನಾನು ಕುಣಿದಾಡಿದೆ, ಕಣ್ಣೀರು ಹಾಕಿದೆ, ಹೆಸರುಬೇಳೆ ಪಾಯಸ ಮಾಡಿದೆ. ಪಾಸ್ಟರ್ ತಮ್ಮ ಕಾರಿನಲ್ಲೇ ಅವನನ್ನು ಅಲ್ಲಿಗೆ ಬಿಟ್ಟು ಬಂದರು. ದಾರಿಯುದ್ದಕ್ಕೂ ವಾದ ಮಾಡಿದೆವು, ಇಬ್ಬರೂ ಗೆಲ್ಲಲಿಲ್ಲ ಎಂದು ನಗುತ್ತಾ ಹೇಳಿದರು. ಮಾವನವರು ಆ ಹಳ್ಳಿಯ ಮಾತನ್ನು ಮತ್ತೆ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಮೊಮ್ಮಗನ ಜೊತೆ ಮಾತು ಶುರುವಾಯಿತು, ಆದರೆ ಉಂಡೆಯಾ, ಮಲಗಿದೆಯಾ ಅಷ್ಟೇ. ಅಂದ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದು ಮಂಡಳಿಯ ಮುಂದೆ, ಅವನ ಮುಖ ನೋಡಿ ಅಲ್ಲ. ಹುಡುಗ ಅದಕ್ಕಾಗಿ ಕಾಯುತ್ತಿದ್ದಾನೆಂದು ನನಗೆ ಗೊತ್ತಿತ್ತು. ಗಂಡಸರು ಇಂಥ ವಿಷಯದಲ್ಲಿ ಎಷ್ಟು ದಡ್ಡರೆಂದರೆ, ತಲೆಯ ಮೇಲೆ ಮೊಟಕಬೇಕು ಅನಿಸುತ್ತದೆ.

ಡಿಸೆಂಬರಿನಲ್ಲಿ ಮಾವನವರು ಊರಿಗೆ ಹೊರಟರು. ವಿಮಾನ ಲಾಸ್ ಏಂಜಲೀಸಿನಿಂದ. ದಾರಿಯಲ್ಲಿ ಆಸ್ಪತ್ರೆಗೆ ಹೋಗಿ ಮಗನನ್ನು ನೋಡಿದೆವು. ಅವನಿಗೆ ಕೆಲಸದ ಹೊತ್ತು, ಹೊರಗೆ ಬರುವಂತಿರಲಿಲ್ಲ. ನಾನು ನರ್ಸ್ ಎಂದು ಹೇಳಿ ಅಲ್ಲಿನ ಮೇಲ್ವಿಚಾರಕಿಯ ಒಪ್ಪಿಗೆ ಪಡೆದು ಮಾವನವರನ್ನು ವಾರ್ಡಿನೊಳಗೆ ಕರೆದುಕೊಂಡು ಹೋದೆ.

ಮಗ ಒಬ್ಬ ರೋಗಿಯನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ ಎತ್ತಲು ಹೆಣಗುತ್ತಿದ್ದ. ಇವನದೇ ವಯಸ್ಸಿನ ಹುಡುಗ, ಯುದ್ಧದಿಂದ ಎರಡೂ ಕಾಲು ಕಳೆದುಕೊಂಡು ಬಂದವನು. ಇವನು ಎತ್ತಲು ಹೋದಂತೆಲ್ಲ ಅವನು ನೋವಿಗೆ ಹಲ್ಲು ಕಚ್ಚುತ್ತಿದ್ದ. ಮಾವನವರು ಒಂದು ಗಳಿಗೆ ನೋಡಿದರು. ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು, ತೋಳು ಮಡಚಿ ಮಂಚದ ಆ ಬದಿಗೆ ಹೋದರು.

“ಹಂಗ ಅಲ್ಲೋ. ಕೈ ಅವನ ಬೆನ್ನ ಕೆಳಗ ಹಾಕು. ನನ್ನ ಮಣಿಕಟ್ಟ ಹಿಡಿ. ಗಟ್ಟಿ ಹಿಡಿ. ಈಗ ಎತ್ತು.”

ಇಬ್ಬರ ತೋಳುಗಳ ಮೇಲೆ ಆ ಹುಡುಗ ಸಲೀಸಾಗಿ ಕುರ್ಚಿಗೆ ಬಂದ. ನೋವಾಗಲಿಲ್ಲವೆಂದು ಅವನಿಗೇ ಆಶ್ಚರ್ಯ. ಮುಖದ ಬೆವರು ಒರೆಸಿಕೊಂಡು ಮಾವನವರ ಮೀಸೆ ನೋಡಿದ.

“ನೀವು ಸೈನ್ಯದಲ್ಲಿದ್ದಿರಾ ಸರ್?” ಎಂದು ಇಂಗ್ಲಿಷಿನಲ್ಲಿ ಕೇಳಿದ.

ಆರು ತಿಂಗಳಲ್ಲಿ ಮಾವನವರು ನನ್ನ ಸಹಾಯವಿಲ್ಲದೆ ಹೊರಗಿನವರ ಜೊತೆ ಇಂಗ್ಲಿಷ್ ಆಡಿರಲಿಲ್ಲ. ಈಗ ನನ್ನ ಕಡೆ ತಿರುಗಲೂ ಇಲ್ಲ.

“ಯೆಸ್,” ಎಂದರು. ಆಮೇಲೆ ಇನ್ನೂ ಹಿಡಿದೇ ಇದ್ದ ಮೊಮ್ಮಗನ ಮಣಿಕಟ್ಟನ್ನು ಸ್ವಲ್ಪ ಮೇಲೆತ್ತಿ, ಅವನ ಮುಖ ನೋಡಿ, “ಹಿಮ್ ಆಲ್ಸೋ,” ಎಂದರು.

ನನ್ನ ಮಗ ಅದನ್ನು ತಿದ್ದಲಿಲ್ಲ.